ಫ್ಲೂ ಲಸಿಕೆ ಹಾಕಿದ್ದಕ್ಕೆ ಕ್ಲಿನಿಕ್‌ಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ?

ತುಂಗಾತೀರ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಕ್ಲಿನಿಕ್, ಫಾರ್ಮಸಿ, ಬಿಲ್ಲಿಂಗ್ ಕೆಲಸದಲ್ಲಿರುವ ಕನ್ನಡಿಗರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಾನು ಒಂದು ಸಣ್ಣ ಫ್ಯಾಮಿಲಿ ಪ್ರಾಕ್ಟೀಸ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಇಬ್ಬರು ಡಾಕ್ಟರು, ಒಬ್ಬರು ನರ್ಸ್, ಫ್ರಂಟ್ ಡೆಸ್ಕ್‌ನಲ್ಲಿ ಇಬ್ಬರು. ಅಷ್ಟೇ.

ಮುಂದಿನ ಚಳಿಗಾಲದ ಫ್ಲೂ ಲಸಿಕೆಗೆ ಈಗಲೇ ಆರ್ಡರ್ ಕೊಡಬೇಕು. ಫ್ಲೂ ವೈರಸ್‌ನ ಯಾವ ತಳಿ ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಹೇಳುತ್ತದೆ. ಆ ಹೊತ್ತಿಗೆ ನಮ್ಮ ಬುಕಿಂಗ್ ಮುಗಿದಿರಬೇಕು. ಮಾಲು ಕೈಗೆ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಎಷ್ಟು ಜನ ಬರುತ್ತಾರೋ ಗೊತ್ತಿಲ್ಲದೆ ಮದುವೆಮನೆಗೆ ಎಲೆ ಲೆಕ್ಕ ಹಾಕಿದ ಹಾಗೆ ಇದು. ಜೂನ್ 30ಕ್ಕೆ ಡೋಸ್‌ಗಳ ಅವಧಿ ಮುಗಿಯುತ್ತದೆ. ಉಳಿದದ್ದರಲ್ಲಿ ಇಷ್ಟು ಪಾಲು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಸಪ್ಲೈಯರ್ ಮೊದಲೇ ಹೇಳಿರುತ್ತಾರೆ.

ಈ ಸಲ ನಮ್ಮ ಹಿರಿಯ ಡಾಕ್ಟರು, "ಲಸಿಕೆ ತರಿಸೋದೇ ಬೇಡ, ಎಲ್ಲರನ್ನೂ ಫಾರ್ಮಸಿಗೆ ಕಳಿಸೋಣ" ಅನ್ನುತ್ತಿದ್ದಾರೆ. ಕಳೆದ ಸೀಸನ್‌ನಲ್ಲಿ ನಮಗೆ ಲಾಸ್ ಆಗಿದೆ ಅಂತ ಅವರ ಲೆಕ್ಕ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬಿಪಿ ನೋಡಿಸಿಕೊಳ್ಳಲು ಬಂದ ಎಪ್ಪತ್ತು ವರ್ಷದ ಅಜ್ಜನಿಗೆ ಅಲ್ಲೇ ಕೂತಲ್ಲೇ ಲಸಿಕೆ ಹಾಕಿ ಕಳಿಸುವುದಕ್ಕೂ, "ಇನ್ನೊಂದು ಕಡೆ ಹೋಗಿ ಹಾಕಿಸಿಕೊಳ್ಳಿ" ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಎಷ್ಟೋ ಜನ ಆ ಇನ್ನೊಂದು ಕಡೆಗೆ ಹೋಗುವುದೇ ಇಲ್ಲ.

ದುಡ್ಡು ನಿಜವಾಗಿ ಎಲ್ಲಿ ಹೋಗುತ್ತಿದೆ ಅಂತ ಹಿಡಿಯಬೇಕು. ನಿಮ್ಮಲ್ಲಿ ಹೇಗೆ ಮಾಡುತ್ತೀರಿ?

ಕೋಡಿಂಗ್ ಕಲಾ (ಟೆಕ್ಸಾಸ್)

ಮೊದಲು ಬರುವ ದುಡ್ಡಿನ ಲೆಕ್ಕ ಸರಿಯಾಗಿ ಬಿಡಿಸೋಣ. ಒಂದು ಫ್ಲೂ ಲಸಿಕೆಗೆ ಕ್ಲಿನಿಕ್‌ಗೆ ಎರಡು ಬೇರೆ ಬೇರೆ ಪಾವತಿ ಬರುತ್ತವೆ. ಒಂದು ಔಷಧಿಯ ಬೆಲೆ. ಇನ್ನೊಂದು ಅದನ್ನು ಹಾಕಿದ್ದಕ್ಕೆ ಕೊಡುವ ಫೀ. ಬಿಲ್‌ನಲ್ಲಿ ಬರೆಯುವ ಕೋಡ್ ಎರಡಕ್ಕೂ ಬೇರೆ. ಇನ್ಶೂರೆನ್ಸ್‌ಗೆ ಕಳಿಸುವ ಕ್ಲೇಮ್‌ನಲ್ಲಿ ಎರಡೂ ಸಾಲು ಇರಲೇಬೇಕು. ಇಲ್ಲದಿದ್ದರೆ ಅರ್ಧ ದುಡ್ಡು ಅಲ್ಲೇ ಹೋಯಿತು.

ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಇರುವ ಸರ್ಕಾರಿ ಇನ್ಶೂರೆನ್ಸ್) ತನ್ನ ಪಾರ್ಟ್ ಬಿ, ಅಂದರೆ ಡಾಕ್ಟರ ಖರ್ಚು ನೋಡಿಕೊಳ್ಳುವ ಭಾಗದಲ್ಲಿ, ಫ್ಲೂ ಲಸಿಕೆಗೆ ದುಡ್ಡು ಕೊಡಲು ಶುರು ಮಾಡಿದ್ದು 1993ರ ಮೇ ತಿಂಗಳಲ್ಲಿ. ಪೇಷಂಟ್ ಕೋಪೇ (ತಮ್ಮ ಪಾಲಿನ ದುಡ್ಡು) ಕೊಡಬೇಕಿಲ್ಲ, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ಪೇಷಂಟೇ ಭರಿಸುವ ಮೊತ್ತ) ಕೂಡ ಇಲ್ಲ. ಔಷಧಿಗೆ ಪ್ರಕಟಿತ ಸಗಟು ಬೆಲೆಯ ಶೇ. 95 ಕೊಡುತ್ತಾರೆ. ಹಾಕಿದ್ದಕ್ಕೆ ಜಿ0008 ಕೋಡ್. ಇದರ ದರ ವರ್ಷ ವರ್ಷ ಇಳಿದು 17 ಡಾಲರ್ ಆಸುಪಾಸಿಗೆ ಬಂದಿತ್ತು. 2022ರಿಂದ ಅದನ್ನು 30 ಡಾಲರ್‌ಗೆ ಏರಿಸಿದರು. ಊರಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಡಯಾಗ್ನೋಸಿಸ್ ಕೋಡ್ ಝಡ್23.

ಖಾಸಗಿ ಇನ್ಶೂರೆನ್ಸ್ ಆದರೆ ಹಾಕಿದ್ದಕ್ಕೆ 90471. ಅದೇ ದಿನ ಎರಡನೇ ಲಸಿಕೆ ಇದ್ದರೆ 90472. ಎಷ್ಟು ಕೊಡುತ್ತಾರೆ ಅನ್ನುವುದು ನಿಮ್ಮ ಡಾಕ್ಟರು ಸಹಿ ಹಾಕಿದ ಕಾಂಟ್ರಾಕ್ಟ್ ಮೇಲೆ ನಿಂತಿದೆ. ಮೆಡಿಕೇರ್‌ನಲ್ಲಿ ನೀವು ಕಳೆದುಕೊಳ್ಳುವುದು ಕಷ್ಟ. ಲಾಸ್ ಆಗಿದ್ದರೆ ನನ್ನ ಅನುಮಾನ ಖಾಸಗಿ ಕಂಪನಿಗಳ ಮೇಲೆ. ಒಂದೊಂದು ಕಂಪನಿಯ ದರಪಟ್ಟಿ ತೆಗೆದು, ನೀವು ಕೊಂಡ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ.

ತುಂಗಾತೀರ

ಕಲಾ ಮೇಡಂ, ನೋಡಿದೆ. ಒಂದು ಖಾಸಗಿ ಕಂಪನಿ ಔಷಧಿಗೆ ಹಳೆಯ ವರ್ಷದ ದರವನ್ನೇ ಕೊಡುತ್ತಿದೆ! ನಾವು ಕೊಂಡ ಬೆಲೆಗಿಂತ ಒಂದು ಡಾಲರ್ ಚಿಲ್ಲರೆ ಕಡಿಮೆ. ಇಷ್ಟು ದಿನ ಯಾರೂ ಕೇಳಿಯೇ ಇಲ್ಲ. 2024ರಲ್ಲಿ ಎಲ್ಲ ಫ್ಲೂ ಲಸಿಕೆಗಳೂ ನಾಲ್ಕು ತಳಿಯಿಂದ ಮೂರು ತಳಿಗೆ ಇಳಿದವಲ್ಲ, ಆಗ ಕೋಡ್‌ಗಳೂ ಬದಲಾದವು. ಆಗಲೂ ಇನ್ನೊಂದು ಕಂಪನಿಯ ಸಿಸ್ಟಂನಲ್ಲಿ ಹೊಸ ಕೋಡ್ ಇರಲಿಲ್ಲ. ಸೆಪ್ಟೆಂಬರ್‌ನ ಕ್ಲೇಮ್‌ಗಳೆಲ್ಲ ಡಿನೈ (ತಿರಸ್ಕಾರ) ಆಗಿ ವಾಪಸ್ ಬಂದವು. ಮತ್ತೆ ಕಳಿಸಿ ದುಡ್ಡು ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ಸಪ್ಲೈಯರ್ ಬಿಲ್ ಮಾತ್ರ ಅಷ್ಟು ದಿನ ಕಾಯಲಿಲ್ಲ.

ಮಂಡ್ಯ ಟು ಮಿಷಿಗನ್

ನಾನು ಒಂದು ಇಂಟರ್ನಲ್ ಮೆಡಿಸಿನ್ ಕ್ಲಿನಿಕ್‌ನಲ್ಲಿ ಆಫೀಸ್ ಮ್ಯಾನೇಜರ್. ನನ್ನ ಪ್ರಕಾರ ಲಾಸ್ ಆಗುವುದು ಫ್ರಿಜ್‌ನಲ್ಲಿ. ಕೋಡ್‌ನಲ್ಲಿ ಅಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಸಾಮಾನ್ಯ ಡೋಸ್ ಒಂದಕ್ಕೆ 20 ಡಾಲರ್ ಕೊಟ್ಟು 100 ತರಿಸಿದಿರಿ ಅಂತಿಟ್ಟುಕೊಳ್ಳಿ. ಇನ್ಶೂರೆನ್ಸ್ ಔಷಧಿಗೆ 19, ಹಾಕಿದ್ದಕ್ಕೆ 20 ಕೊಡುತ್ತದೆ. ಒಂದು ಡೋಸ್‌ಗೆ ಉಳಿಯುವುದು 19. 90 ಜನಕ್ಕೆ ಹಾಕಿದರೆ 1710. ಹತ್ತು ಡೋಸ್ ಉಳಿದು ಹೋದರೆ 200 ಕಳೆಯಿರಿ. ಐದು ಕ್ಲೇಮ್ ಬರಲೇ ಇಲ್ಲ ಅಂದರೆ ಇನ್ನು 195 ಕಳೆಯಿರಿ. ಕೈಯಲ್ಲಿ 1315. ಅದರಲ್ಲೇ ನರ್ಸ್ ಸಮಯ, ಸೂಜಿ, ಹತ್ತಿ, ಫ್ರಿಜ್, ಫೋನ್ ಎತ್ತುವವರು, ಕ್ಲೇಮ್ ಕಳಿಸುವವರು ಎಲ್ಲ ಬರಬೇಕು. ದೊಡ್ಡ ಲಾಭ ಅಲ್ಲ. ಲಾಸ್ ಕೂಡ ಅಲ್ಲ.

ಈಗ 65 ದಾಟಿದವರ ಹೈ-ಡೋಸ್ (ಔಷಧಿಯ ಪ್ರಮಾಣ ಹೆಚ್ಚಿರುವ ಲಸಿಕೆ) ತೆಗೆದುಕೊಳ್ಳಿ. ಒಂದೊಂದು ಸಿರಿಂಜ್ 70 ಡಾಲರ್ ಆಸುಪಾಸು. 2022ರಲ್ಲಿ ಲಸಿಕೆ ಸಲಹಾ ಸಮಿತಿಯವರು ಹಿರಿಯರಿಗೆ ಹೈ-ಡೋಸ್, ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ವಸ್ತು) ಇರುವುದು, ಇಲ್ಲ ರಿಕಾಂಬಿನೆಂಟ್ (ಮೊಟ್ಟೆ ಬಳಸದೆ ತಯಾರಿಸಿದ್ದು), ಈ ಮೂರರಲ್ಲಿ ಒಂದನ್ನು ಕೊಡಿ ಅಂದ ಮೇಲೆ ಎಲ್ಲರೂ ಅದನ್ನೇ ಕೇಳುತ್ತಾರೆ. ಹತ್ತು ಸಿರಿಂಜ್ ಉಳಿದರೆ 700 ಡಾಲರ್ ಕಸಕ್ಕೆ. ಒಂದು ಸಿರಿಂಜ್ ಹಾಳಾದರೆ ಎರಡು ಮೂರು ಜನರಿಗೆ ಸೂಜಿ ಹಾಕಿದ ಫೀ ಅದರ ಜೊತೆಗೇ ಹೋಯಿತು. ನಿಮ್ಮಲ್ಲಿ ಉಳಿದ ಡೋಸ್‌ಗಳು ಯಾವುವು, ಸಾಮಾನ್ಯದ್ದಾ, ಹೈ-ಡೋಸಾ? ಅದನ್ನು ಮೊದಲು ನೋಡಿ.

ತುಂಗಾತೀರ

ಹೈ-ಡೋಸೇ. ನಮ್ಮ ಹಿರಿಯ ಪೇಷಂಟ್‌ಗಳು ಅಕ್ಟೋಬರ್‌ನಲ್ಲಿ ಬರುವ ಹೊತ್ತಿಗೆ ಎಷ್ಟೋ ಜನ ಫಾರ್ಮಸಿಯಲ್ಲಿ ಹಾಕಿಸಿಕೊಂಡಾಗಿತ್ತು. ಕೆಲವರು ಅದನ್ನು ಹೇಳಲೂ ಇಲ್ಲ. ನಾವೂ ಹಾಕಿದೆವು. ಆ ಕ್ಲೇಮ್ ಬರಲಿಲ್ಲ.

ಫಾರ್ಮಸಿ ಪುಟ್ಟಣ್ಣ (ಇಲಿನಾಯ್)

ನಮ್ಮ ಕಡೆಯ ಮಾತನ್ನೂ ಕೇಳಿ. 2009ರಿಂದ ಐವತ್ತೂ ರಾಜ್ಯಗಳಲ್ಲಿ ಫಾರ್ಮಸಿಸ್ಟ್‌ಗಳು ಫ್ಲೂ ಲಸಿಕೆ ಹಾಕಬಹುದು. ದೊಡ್ಡವರಿಗೆ ಹಾಕುವ ಫ್ಲೂ ಲಸಿಕೆ ಈಗ ಡಾಕ್ಟರ ಕ್ಲಿನಿಕ್‌ಗಿಂತ ಫಾರ್ಮಸಿಯಲ್ಲೇ ಜಾಸ್ತಿ. ಆಗಸ್ಟ್ ಕೊನೆಗೆ ನಮ್ಮಲ್ಲಿ ಮಾಲು ಬಂದಿರುತ್ತದೆ. ಭಾನುವಾರವೂ ತೆರೆದಿರುತ್ತೇವೆ. ಇನ್ಶೂರೆನ್ಸ್ ಒಪ್ಪುತ್ತದೋ ಇಲ್ಲವೋ ಅನ್ನುವುದು ಅಲ್ಲೇ ಕೌಂಟರ್‌ನಲ್ಲೇ ಗೊತ್ತಾಗುತ್ತದೆ. ನಿಮ್ಮ ಹಾಗೆ ಆರು ವಾರ ಕಾಯಬೇಕಿಲ್ಲ. ಪೇಷಂಟ್‌ಗಳನ್ನು ನಮ್ಮ ಕಡೆ ಕಳಿಸಿದರೆ ಅದು ಅವರನ್ನು ಕೈಬಿಟ್ಟ ಹಾಗೆ ಅಂತ ಯಾಕೆ ಅಂದುಕೊಳ್ಳಬೇಕು?

ಆದರೆ ನಮಗೂ ಇದು ಸುಖದ ಕೆಲಸ ಅಲ್ಲ. ಒಬ್ಬರೇ ಫಾರ್ಮಸಿಸ್ಟ್, ಒಂದು ಕಡೆ ಪ್ರಿಸ್ಕ್ರಿಪ್ಷನ್ ಸಾಲು, ಇನ್ನೊಂದು ಕಡೆ ಲಸಿಕೆ ಸಾಲು.

ಮಲೆನಾಡ ಮಗಳು (ಓಹಾಯೋ)

ಅಣ್ಣಾ, ನಿಮ್ಮ ಮಾತು ದೊಡ್ಡವರ ಮಟ್ಟಿಗೆ ಸರಿ. ನಾನು ಮಕ್ಕಳ ಕ್ಲಿನಿಕ್‌ನಲ್ಲಿ ನರ್ಸ್. ಸಣ್ಣ ಮಕ್ಕಳಿಗೆ ಫಾರ್ಮಸಿಯಲ್ಲಿ ಹಾಕುವುದಿಲ್ಲ, ಎಷ್ಟು ವಯಸ್ಸಿನಿಂದ ಹಾಕಬಹುದು ಅನ್ನುವುದು ರಾಜ್ಯಕ್ಕೊಂದು ನಿಯಮ. ಆರು ತಿಂಗಳ ಕೂಸಿಗೆ ಮೊದಲ ಸಲ ಎರಡು ಡೋಸ್, ಮಧ್ಯೆ ನಾಲ್ಕು ವಾರ. ಅದನ್ನು ಯಾರು ಹಾಕಬೇಕು? ನಾವೇ.

ನಮ್ಮಲ್ಲಿ ಎರಡು ಸ್ಟಾಕ್ ಇರುತ್ತದೆ. ಒಂದು ನಾವು ಕೊಂಡದ್ದು. ಇನ್ನೊಂದು ವಿಎಫ್‌ಸಿ, ಅಂದರೆ ಕೇಂದ್ರ ಸರ್ಕಾರ ಪುಕ್ಕಟೆ ಕೊಡುವ ಮಕ್ಕಳ ಲಸಿಕೆ. 1989ರಿಂದ 1991ರವರೆಗೆ ಇಲ್ಲಿ ದಡಾರ ಹರಡಿ ಮಕ್ಕಳು ಸತ್ತರು. ಲಸಿಕೆ ಕೊಳ್ಳಲು ದುಡ್ಡಿಲ್ಲದ ಮನೆಗಳ ಮಕ್ಕಳೇ ಜಾಸ್ತಿ ಸಿಕ್ಕಿಬಿದ್ದದ್ದು. ಆಮೇಲೆ 1993ರಲ್ಲಿ ಕಾನೂನು ಬಂತು, 1994ರಿಂದ ಕಾರ್ಯಕ್ರಮ ಶುರುವಾಯಿತು. ಮೆಡಿಕೇಡ್ (ಕಡಿಮೆ ಆದಾಯದವರಿಗೆ ಇರುವ ಸರ್ಕಾರಿ ಇನ್ಶೂರೆನ್ಸ್) ಇರುವ, ಇಲ್ಲವೇ ಯಾವ ಇನ್ಶೂರೆನ್ಸೂ ಇಲ್ಲದ ಮಕ್ಕಳಿಗೆ ಇದರಲ್ಲಿ ಹಾಕುತ್ತೇವೆ. ಔಷಧಿಗೆ ನಾವು ಬಿಲ್ ಮಾಡುವ ಹಾಗಿಲ್ಲ. ಹಾಕಿದ್ದಕ್ಕೆ ಮಾತ್ರ ಒಂದು ಫೀ, ಅದಕ್ಕೂ ರಾಜ್ಯವಾರು ಮಿತಿ ಇದೆ. ಇನ್ಶೂರೆನ್ಸ್ ಇಲ್ಲದ ತಾಯಿ ಆ ಫೀ ಕೊಡಲಾಗಲ್ಲ ಅಂದರೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಅದು ಸರಿಯಾದ ನಿಯಮವೇ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನನ್ನ ಮೊದಲ ಕೆಲಸ ಫ್ರಿಜ್. ಒಳಗೆ ತಾಪಮಾನ ದಾಖಲಿಸುವ ಡಿಜಿಟಲ್ ಡೇಟಾ ಲಾಗರ್ ಇದೆ. ರಾತ್ರಿ ಎಷ್ಟು ಇಳಿದಿತ್ತು, ಎಷ್ಟು ಏರಿತ್ತು ಅಂತ ನೋಡಿ, ಟೈಮ್ ಹಾಕಿ, ಇನಿಷಿಯಲ್ ಹಾಕಬೇಕು. 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಾಗಿಲ ತಟ್ಟೆಯಲ್ಲಿ ಒಂದು ಬಾಕ್ಸ್ ಕೂಡ ಇಡುವಂತಿಲ್ಲ. ನೀರಿನ ಬಾಟಲಿ ಜೋಡಿಸಿಟ್ಟು ತಂಪು ಹಿಡಿಸುತ್ತೇವೆ. ವಿಎಫ್‌ಸಿ ಡೋಸ್‌ಗಳ ಡಬ್ಬಿಗೆ ಒಂದು ಬಣ್ಣದ ಸ್ಟಿಕ್ಕರ್, ನಮ್ಮದಕ್ಕೆ ಇನ್ನೊಂದು. ಇದಕ್ಕೆಲ್ಲ ಹಿಡಿಯುವ ಸಮಯಕ್ಕೆ ಯಾವ ಕೋಡೂ ಇಲ್ಲ.

ಒಂದು ಮಾತು, ತುಂಗಾತೀರ ಅಕ್ಕಾ. ನಿಮ್ಮಲ್ಲಿ ಮಕ್ಕಳೂ ಬರುತ್ತಾರೆ ಅಂದರೆ, 19 ವರ್ಷ ತುಂಬದವರಿಗೆ ಡಾಕ್ಟರು ತಾಯಿತಂದೆ ಜೊತೆ ಲಸಿಕೆ ಬಗ್ಗೆ ಕೂತು ಮಾತಾಡಿದ್ದರೆ 90471 ಬದಲು 90460 ಹಾಕಬೇಕು. ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಬರುತ್ತದೆ. ಮಾತಾಡಿದ್ದನ್ನು ಚಾರ್ಟ್‌ನಲ್ಲಿ ಬರೆದಿರಬೇಕು.

ಕೋಡಿಂಗ್ ಕಲಾ

ಮಲೆನಾಡ ಮಗಳು ಹೇಳಿದ್ದು ಸರಿ. ಜೊತೆಗೆ ಇನ್ನೆರಡು ಸೇರಿಸುತ್ತೇನೆ. ಬರೀ ಲಸಿಕೆಗೆ ಅಂತ ಬಂದವರಿಗೆ 99211 ನರ್ಸ್ ವಿಸಿಟ್ ಹಾಕಬೇಡಿ, ಅದು ಲಸಿಕೆ ಹಾಕುವ ಫೀ ಒಳಗೇ ಸೇರಿದೆ. ಬೇರೆ ತೊಂದರೆಗೆ ಬಂದು ಡಾಕ್ಟರು ಪ್ರತ್ಯೇಕವಾಗಿ ನೋಡಿದ್ದರೆ ವಿಸಿಟ್ ಕೋಡ್‌ಗೆ 25 ಮಾಡಿಫೈಯರ್ (ಅದೇ ದಿನ ಬೇರೆ ಕೆಲಸವೂ ಆಯಿತು ಅನ್ನುವ ಗುರುತು) ಹಾಕಿ. ಅದು ಬಿಟ್ಟು ಹೋದರೆ ಕೆಲವು ಕಂಪನಿಗಳು ಎರಡರಲ್ಲಿ ಒಂದನ್ನು ಹೊಡೆದುಹಾಕುತ್ತವೆ.

ಹಾಸನದ ಹುಡುಗ (ಕ್ಯಾಲಿಫೋರ್ನಿಯಾ)

ನಾನು ಪೇಷಂಟ್ ಕಡೆಯವನು. ನನಗೆ ಈ 25 ವಿಷಯದಲ್ಲಿ ಸಿಟ್ಟಿದೆ. "ಫ್ಲೂ ಶಾಟ್ ಫ್ರೀ" ಅಂತ ಬೋರ್ಡ್ ಹಾಕಿದ್ದರು. ಹೋದೆ. ಹಾಕಿಸಿಕೊಳ್ಳುವಾಗ ಮಂಡಿ ನೋವಿನ ಬಗ್ಗೆ ಎರಡು ಮಾತು ಆಡಿದೆ. ತಿಂಗಳಾದ ಮೇಲೆ ಮನೆಗೆ ಬಿಲ್ ಬಂತು, ಆಫೀಸ್ ವಿಸಿಟ್ ಅಂತ. ಇದು ನ್ಯಾಯವಾ?

ತುಂಗಾತೀರ

ನಿಮ್ಮ ಸಿಟ್ಟು ಅರ್ಥ ಆಗುತ್ತದೆ. 2010ರ ಆರೋಗ್ಯ ಕಾನೂನಿನ ಪ್ರಕಾರ ನೆಟ್‌ವರ್ಕ್ ಒಳಗೆ, ಅಂದರೆ ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವ ಕಡೆ, ಹಾಕಿಸಿಕೊಂಡ ಲಸಿಕೆಗೆ ನೀವು ಕೊಡಬೇಕಾದ್ದು ಏನೂ ಇಲ್ಲ. ಆ ಕಾನೂನಿಗೂ ಮೊದಲಿನ ಕೆಲವು ಹಳೆಯ ಪ್ಲಾನ್‌ಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಮಂಡಿಯನ್ನು ಡಾಕ್ಟರು ಮುಟ್ಟಿ ನೋಡಿ, ಪರೀಕ್ಷೆ ಮಾಡಿ, ಔಷಧಿ ಬರೆದಿದ್ದರೆ ಅದು ಬೇರೆ ಕೆಲಸ, ಅದಕ್ಕೆ ಬಿಲ್ ಬರುತ್ತದೆ. ಸುಮ್ನೆ ಎರಡು ಮಾತು ಆಡಿದ್ದಕ್ಕೆ ವಿಸಿಟ್ ಹಾಕಿದ್ದರೆ ಅದು ತಪ್ಪು. ಆ ಕ್ಲಿನಿಕ್‌ಗೆ ಫೋನ್ ಮಾಡಿ, ಅವತ್ತಿನ ನೋಟ್ಸ್ ಕಾಪಿ ಕೇಳಿ. ನೋಟ್ಸ್‌ನಲ್ಲಿ ಮಂಡಿ ಪರೀಕ್ಷೆಯ ಮಾತೇ ಇಲ್ಲ ಅಂದರೆ ಆ ಚಾರ್ಜ್ ತೆಗೆಯಲೇಬೇಕು. ಸಂಕೋಚ ಬೇಡ, ಇಂಥ ಫೋನ್ ನಮಗೆ ದಿನಾ ಬರುತ್ತವೆ.

ನಮ್ಮಲ್ಲಿ ಲಸಿಕೆಗೆ ಬಂದವರು ಬೇರೆ ನೋವು ಹೇಳಿದರೆ, "ಇದನ್ನು ಇವತ್ತೇ ನೋಡಬೇಕಾ, ಅದಕ್ಕೆ ವಿಸಿಟ್ ಚಾರ್ಜ್ ಆಗುತ್ತದೆ" ಅಂತ ನರ್ಸ್ ಮೊದಲೇ ಕೇಳುತ್ತಾರೆ. ಒಂದು ವಾಕ್ಯ. ಎಷ್ಟೋ ಜಗಳ ತಪ್ಪುತ್ತದೆ.

ಲೀಡ್ಸ್ ಕನ್ನಡಿಗ (ಇಂಗ್ಲೆಂಡ್)

ಇಲ್ಲಿನ ಜಿಪಿ ಸರ್ಜರಿಯಲ್ಲಿ (ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ಗೆ ಇಲ್ಲಿ ಹಾಗೆ ಹೇಳುತ್ತಾರೆ) ಕೆಲಸ ಮಾಡುತ್ತೇನೆ. ನಿಮ್ಮ ಚರ್ಚೆ ಓದಿ ಹೇಳಬೇಕು ಅನ್ನಿಸಿತು. ನಮ್ಮಲ್ಲಿ ಇನ್ಶೂರೆನ್ಸ್ ತಂಟೆ ಇಲ್ಲ. ಅರ್ಹರ ಪಟ್ಟಿಯಲ್ಲಿರುವ ಒಬ್ಬರಿಗೆ ಹಾಕಿದರೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೊಡುವ ಫೀ ಎಲ್ಲ ಸರ್ಜರಿಗೂ ಒಂದೇ, ಎಷ್ಟೋ ವರ್ಷ ಅದು 10.06 ಪೌಂಡ್ ಇತ್ತು. ದೊಡ್ಡವರ ಲಸಿಕೆಯನ್ನು ನಾವೇ ಕೊಂಡು ಆಮೇಲೆ ಬೆಲೆ ವಾಪಸ್ ಪಡೆಯುತ್ತೇವೆ. ಮಕ್ಕಳ ಮೂಗಿನ ಸ್ಪ್ರೇ ಮಾತ್ರ ಸರ್ಕಾರವೇ ಕಳಿಸುತ್ತದೆ.

ಆದರೆ ಮೊದಲೇ ಆರ್ಡರ್ ಮಾಡುವ ತಲೆನೋವು ನಮಗೂ ಅಷ್ಟೇ ಇದೆ. 2015ರಿಂದ ಇಂಗ್ಲೆಂಡಿನ ಫಾರ್ಮಸಿಗಳೂ ಎನ್‌ಎಚ್‌ಎಸ್ ಫ್ಲೂ ಲಸಿಕೆ ಹಾಕುತ್ತಿವೆ, ಹಾಗಾಗಿ ನಮ್ಮ ಅಂದಾಜು ತಪ್ಪುತ್ತದೆ. ಕೋವಿಡ್ ಕಾಲದಲ್ಲಿ 50ರಿಂದ 64 ವಯಸ್ಸಿನವರನ್ನು ಪಟ್ಟಿಗೆ ಸೇರಿಸಿದ್ದರು, 2023ರಲ್ಲಿ ತೆಗೆದರು. ಪಟ್ಟಿ ಹೀಗೆ ಅಲುಗಾಡಿದಾಗ ಫ್ರಿಜ್‌ನಲ್ಲಿ ಉಳಿಯುವುದು ನಮ್ಮ ದುಡ್ಡು. ನಮ್ಮ ಉಪಾಯ ಒಂದೇ: ಶನಿವಾರದ ಕ್ಲಿನಿಕ್. ಮಾಲು ಬಂದ ಮೊದಲ ವಾರಗಳಲ್ಲೇ ಹಿರಿಯರಿಗೆ ಮೆಸೇಜ್ ಕಳಿಸಿ ಕರೆಸುತ್ತೇವೆ. ಮುಕ್ಕಾಲು ಪಾಲು ಡೋಸ್ ಅಲ್ಲೇ ಖಾಲಿ.

ದಾವಣಗೆರೆ ಡಾಕ್ಟರ್

ನಾನು ಊರಲ್ಲಿ ಮಕ್ಕಳ ವೈದ್ಯ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಇಲ್ಲ. ಪೋಷಕರು ಕೈಯಿಂದ ದುಡ್ಡು ಕೊಟ್ಟೇ ಹಾಕಿಸಬೇಕು. ನಾವು ಸ್ಟಾಕಿಸ್ಟ್‌ನಿಂದ ಎಂಆರ್‌ಪಿಗಿಂತ ಕಡಿಮೆಗೆ ಕೊಳ್ಳುತ್ತೇವೆ, ಆ ವ್ಯತ್ಯಾಸದಲ್ಲೇ ಫ್ರಿಜ್, ಕರೆಂಟ್ ಹೋದಾಗ ಬ್ಯಾಕಪ್, ಸಿಬ್ಬಂದಿ ಎಲ್ಲ. ಕ್ಲೇಮ್ ಇಲ್ಲ, ಡಿನೈ ಇಲ್ಲ. ಆದರೆ ಎರಡು ಮಕ್ಕಳ ತಾಯಿ ಬೆಲೆ ಕೇಳಿ, "ಮುಂದಿನ ತಿಂಗಳು ನೋಡೋಣ ಡಾಕ್ಟ್ರೇ" ಅಂತ ಎದ್ದು ಹೋಗುತ್ತಾರಲ್ಲ, ಅದು ನಮ್ಮ ಡಿನೈ. ಮೊದಲ ವರ್ಷ ಎರಡೆರಡು ಡೋಸ್ ಅಂದರೆ ಅವರಿಗೆ ಇನ್ನೂ ಭಾರ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇನಲ್ಲಿ ಹಾಕಿಸಿ ಅಂತ ಹೇಳುತ್ತೇನೆ. ಹೇಳಿದವರಲ್ಲಿ ಹಾಕಿಸುವವರು ಕಡಿಮೆ. ಅಮೆರಿಕದಲ್ಲಿ ಮಕ್ಕಳಿಗೆ ಪುಕ್ಕಟೆ ಲಸಿಕೆಗೆ ಒಂದು ಕಾನೂನೇ ಇದೆ ಅಂತ ಓದಿ ಆಸೆಯಾಯಿತು.

ಹಾಸನದ ಹುಡುಗ

ಇನ್ನೊಂದು ಪ್ರಶ್ನೆ. ಅಪ್ಪ ಅಮ್ಮ ಅಕ್ಟೋಬರ್‌ನಲ್ಲಿ ಬರುತ್ತಿದ್ದಾರೆ, ಆರು ತಿಂಗಳಿಗೆ. ಅವರಿಗೆ ಹೇಗೆ?

ಫಾರ್ಮಸಿ ಪುಟ್ಟಣ್ಣ

ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ಕೊಡುವುದಿಲ್ಲ. ಮೆಡಿಕೇರ್ ಅವರಿಗೆ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇದ್ದರೂ ಐದು ವರ್ಷ ಸತತವಾಗಿ ಇಲ್ಲಿದ್ದ ಮೇಲೆ. ಕೈಯಿಂದ ಕೊಟ್ಟು ಹಾಕಿಸಬೇಕು. ಹೈ-ಡೋಸ್‌ಗೂ ಸಾಮಾನ್ಯದ್ದಕ್ಕೂ ಬೆಲೆ ತುಂಬಾ ವ್ಯತ್ಯಾಸ, ಮೊದಲೇ ಫೋನ್ ಮಾಡಿ ಕೇಳಿ. ನಿಮ್ಮ ಕೌಂಟಿ ಆರೋಗ್ಯ ಇಲಾಖೆಯಲ್ಲೂ ವಿಚಾರಿಸಿ, ಕೆಲವು ಕಡೆ ಕಡಿಮೆಗೆ ಇಲ್ಲ ಪುಕ್ಕಟೆಗೆ ಹಾಕುತ್ತಾರೆ.

ಮಂಡ್ಯ ಟು ಮಿಷಿಗನ್

ಮತ್ತೆ ಮೂಲ ಪ್ರಶ್ನೆಗೆ ಬರುತ್ತೇನೆ. ತುಂಗಾತೀರ ಮೇಡಂ, ನಿಮ್ಮ ಫ್ರಂಟ್ ಡೆಸ್ಕ್‌ನವರು ಹಿರಿಯರ ಯಾವ ಕಾರ್ಡ್ ಕಾಪಿ ಮಾಡುತ್ತಾರೆ? ಕೆಂಪು ಬಿಳಿ ನೀಲಿ ಬಣ್ಣದ ಮೆಡಿಕೇರ್ ಕಾರ್ಡ್ ಎಲ್ಲರ ಪರ್ಸ್‌ನಲ್ಲೂ ಇರುತ್ತದೆ. ಮೆಡಿಕೇರ್ ಅಡ್ವಾಂಟೇಜ್‌ಗೆ (ಮೆಡಿಕೇರ್ ಸೌಲಭ್ಯವನ್ನು ಖಾಸಗಿ ಕಂಪನಿ ಮೂಲಕ ಕೊಡುವ ಪ್ಲಾನ್) ಸೇರಿದವರೂ ಅದನ್ನೇ ತೆಗೆದು ತೋರಿಸುತ್ತಾರೆ. ಕ್ಲೇಮ್ ಮೆಡಿಕೇರ್‌ಗೆ ಹೋಗಿ ಡಿನೈ ಆಗುತ್ತದೆ, ಯಾಕೆಂದರೆ ದುಡ್ಡು ಕೊಡಬೇಕಾದ್ದು ಅಡ್ವಾಂಟೇಜ್ ಕಂಪನಿ. ನಮ್ಮಲ್ಲಿ ಫ್ಲೂ ಡಿನೈಗಳಲ್ಲಿ ಇದೇ ಜಾಸ್ತಿ. ಈಗ ಹಿಂದಿನ ದಿನವೇ ಎಲಿಜಿಬಿಲಿಟಿ, ಅಂದರೆ ಯಾವ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ ಅಂತ, ನೋಡುತ್ತೇವೆ. ಆಗಲೇ ರಾಜ್ಯದ ಲಸಿಕೆ ದಾಖಲೆಯನ್ನೂ ತೆಗೆದು, ಈ ಸೀಸನ್‌ನಲ್ಲಿ ಫಾರ್ಮಸಿಯಲ್ಲಿ ಹಾಕಿಸಿಕೊಂಡಿದ್ದಾರಾ ಅಂತ ನೋಡುತ್ತೇವೆ. ಸಿರಿಂಜ್ ಮುಚ್ಚಳ ತೆಗೆಯುವ ಮೊದಲು ಇದು ಆಗಬೇಕು.

ತುಂಗಾತೀರ

ಸರ್, ಇವತ್ತು ಹಳೆಯ ಡಿನೈಗಳನ್ನೆಲ್ಲ ತೆಗೆದು ಕೂತೆ. ನೀವು ಹೇಳಿದ ಕಾರ್ಡ್ ಗೊಂದಲವೇ ಸುಮಾರು ಕಡೆ ಇದೆ. ಅಡ್ವಾಂಟೇಜ್ ಕಂಪನಿಗಳಿಗೆ ಕ್ಲೇಮ್ ಕಳಿಸುವ ಗಡುವು ಕೆಲವದ್ದು ಇನ್ನೂ ಮುಗಿದಿಲ್ಲ. ನಾಳೆಯೇ ಕಳಿಸುತ್ತೇನೆ.

ಡಾಕ್ಟರ ಹತ್ತಿರ ಕೂತು ಮಾತಾಡಿದೆ. ನಿಮ್ಮೆಲ್ಲರ ಮಾತು ಅವರ ಮುಂದೆ ಇಟ್ಟೆ. ಮೆಡಿಕೇರ್‌ನಲ್ಲಿ ನಮಗೆ ನಷ್ಟ ಇಲ್ಲ ಅಂತ ಅವರಿಗೂ ಕಂಡಿತು. ನಷ್ಟ ಆಗಿದ್ದು ಉಳಿದ ಹೈ-ಡೋಸ್, ತಪ್ಪು ಕಂಪನಿಗೆ ಹೋದ ಕ್ಲೇಮ್, ಮತ್ತೆ ಆ ಒಂದು ಹಳೆಯ ದರದ ಕಾಂಟ್ರಾಕ್ಟ್. ಲಸಿಕೆ ನಿಲ್ಲಿಸುವ ಮಾತು ಬಿಟ್ಟರು. ಹೈ-ಡೋಸ್ ಮಾತ್ರ ಕಡಿಮೆ ಬುಕ್ ಮಾಡುತ್ತೇವೆ, ಬೇಕಾದರೆ ಅಕ್ಟೋಬರ್‌ನಲ್ಲಿ ಇನ್ನಷ್ಟು ಕೇಳುವುದು. ಸೆಪ್ಟೆಂಬರ್‌ನಲ್ಲಿ ಶನಿವಾರದ ಕ್ಲಿನಿಕ್ ಮಾಡುತ್ತೇವೆ, ಲೀಡ್ಸ್‌ನವರಿಗೆ ಥ್ಯಾಂಕ್ಸ್. ಹಳೆಯ ದರದ ಕಂಪನಿಗೆ ಇನ್‌ವಾಯ್ಸ್ ಸಮೇತ ಪತ್ರ ಬರೆದಿದ್ದೇನೆ.

ಒಂದು ಉಳಿಯಿತು. ಮನೆಯಿಂದ ಹೊರಗೆ ಬರಲಾಗದ ಕೆಲವರು ನಮ್ಮಲ್ಲಿದ್ದಾರೆ. ನರ್ಸ್ ಮನೆಗೇ ಹೋಗಿ ಹಾಕಿದರೆ ಮೆಡಿಕೇರ್ ಏನಾದರೂ ಜಾಸ್ತಿ ಕೊಡುತ್ತದಾ?

ಕೋಡಿಂಗ್ ಕಲಾ

ಕೊಡುತ್ತದೆ. ಮೊದಲು ಕೋವಿಡ್ ಲಸಿಕೆಗೆ ಮಾತ್ರ ಇತ್ತು. 2024ರಿಂದ ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಬಿ ಲಸಿಕೆಗಳಿಗೂ ಇದೆ. ಎಂ0201 ಕೋಡ್, ಜಿ0008 ಜೊತೆಗೆ ಹೆಚ್ಚುವರಿಯಾಗಿ. ಅವರಿಗೆ ಮನೆಬಿಟ್ಟು ಬರುವುದು ಯಾಕೆ ಕಷ್ಟ ಅಂತ ಚಾರ್ಟ್‌ನಲ್ಲಿ ಬರೆದಿರಬೇಕು. ಬೇರೆ ಕೆಲಸಕ್ಕೆ ಹೋದಾಗ ಜೊತೆಗೆ ಹಾಕಿದರೆ ಇದು ಬರುವುದಿಲ್ಲ, ಲಸಿಕೆಗೆಂದೇ ಹೋಗಿರಬೇಕು. ಈ ಸೀಸನ್‌ನ ಔಷಧಿ ದರ ಆಗಸ್ಟ್ 1ರಿಂದ ಬದಲಾಗುತ್ತದೆ, ಪಟ್ಟಿ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.